ಸೈಕಸ್ ಗಿಡದ ನೆತ್ತಿಯಲ್ಲಿ ಕಂದು ಉಣ್ಣೆಯುಂಡೆ ಎದ್ದಿದೆ, ಕತ್ತರಿಸಿ ತೆಗೆಯಬೇಕೇ?

ಮೊದಲು ಕತ್ತರಿಯನ್ನು ಒಳಗಿಟ್ಟು ಬನ್ನಿ. ಅದು ರೋಗವಲ್ಲ, ಬೂಷ್ಟೂ ಅಲ್ಲ. ನಿಮ್ಮದು ಹೆಣ್ಣು ಗಿಡ, ಈಗ ಮೈನೆರೆದಿದೆ, ಅಷ್ಟೇ.

ನೀವು ಬರೆದದ್ದು ಇಷ್ಟು: ಗೇಟಿನ ಪಕ್ಕ ನೆಲದಲ್ಲೇ ನೆಟ್ಟ ಸೈಕಸ್, 14 ವರ್ಷ ಆಗಿದೆ. ಪ್ರತಿ ಬೇಸಿಗೆಗೂ ಒಂದು ಸುತ್ತು ಹೊಸ ಗರಿ ಬಿಡುತ್ತಿತ್ತು. ಈ ಸಲ ಗರಿ ಬರಲೇ ಇಲ್ಲ, ನಡುನೆತ್ತಿಯಲ್ಲಿ ಎಲೆಕೋಸಿನ ಗಾತ್ರದ ಕಂದು ಉಣ್ಣೆಯ ಉಂಡೆ ಎದ್ದಿದೆ. ಪಕ್ಕದ ಮನೆಯವರು ‘ಫಂಗಸ್, ಕಿತ್ತು ಹಾಕಿ’ ಎಂದರು. ಹೋದ ವರ್ಷ ಬಂದ ಗರಿಗಳೂ ಯಾರೋ ಕೆರೆದು ತಿಂದ ಹಾಗೆ ಒಣಗಿದ್ದವು, ಎರಡಕ್ಕೂ ಸಂಬಂಧ ಇದೆಯೇ ಎಂದು ಕೇಳಿದ್ದೀರಿ. ಸಂಬಂಧ ಇಲ್ಲ. ಗರಿಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಅಲ್ಲಿ ನಿಜವಾಗಿಯೂ ಒಬ್ಬ ಕಳ್ಳ ಇದ್ದಾನೆ.

ಇಷ್ಟು ಜೋರಾಗಿ ಬೇಡ ಎನ್ನುವುದಕ್ಕೆ ಕಾರಣ, ಇದೇ ತಪ್ಪನ್ನು ನಾನೇ ಮಾಡಿದವಳು. ನಮ್ಮಪ್ಪ 1998ರಲ್ಲಿ ಮೈಸೂರಿನ ಮನೆಗೆ ಎರಡು ಸೈಕಸ್ ತಂದು ನೆಟ್ಟರು. ನರ್ಸರಿಯವನು ‘ಜೋಡಿ ಸಾರ್, ಒಂದು ಗಂಡು ಒಂದು ಹೆಣ್ಣು’ ಎಂದು ಹೇಳಿ ಐವತ್ತು ರೂಪಾಯಿ ಜಾಸ್ತಿ ತೆಗೆದುಕೊಂಡನಂತೆ. ಹೂ ಬಿಡುವವರೆಗೆ ಈ ಗಿಡದ ಲಿಂಗ ಯಾರಿಗೂ ಗೊತ್ತಾಗುವುದಿಲ್ಲ, ಅವನಿಗೂ ಗೊತ್ತಿರಲಿಲ್ಲ. 2011ರ ಏಪ್ರಿಲ್‌ನಲ್ಲಿ ಒಂದರ ನೆತ್ತಿಯಲ್ಲಿ ನೀವು ಹೇಳಿದಂಥದ್ದೇ ಉಂಡೆ ಎದ್ದಿತು. ಅಪ್ಪ ಊರಲ್ಲಿರಲಿಲ್ಲ. ನಾನು ತರಕಾರಿ ಚಾಕು ತಂದು ಬುಡದವರೆಗೆ ಕೊರೆದು ತೆಗೆದು, ಗಾಯಕ್ಕೆ ಅರಿಶಿನ ಬೇರೆ ಮೆತ್ತಿದೆ. ಆಮೇಲೆ ಎರಡು ವರ್ಷ ಆ ಗಿಡ ಒಂದು ಗರಿಯನ್ನೂ ಬಿಡಲಿಲ್ಲ. ಮೂರನೆಯ ವರ್ಷ ಒಂದು ನೆತ್ತಿಯ ಬದಲು ಮೂರು ನೆತ್ತಿ ಓರೆಯಾಗಿ ಹುಟ್ಟಿದವು. ಈಗಲೂ ಹಾಗೇ ಇದೆ, ಬಂದವರೆಲ್ಲ ‘ಎಷ್ಟು ಚೆನ್ನಾಗಿದೆ, ಹೇಗೆ ಮಾಡಿದಿರಿ?’ ಎಂದು ಕೇಳುತ್ತಾರೆ. ನಾನು ಮಾತು ಬದಲಿಸುತ್ತೇನೆ.

ಕೊರೆದದ್ದರಿಂದ ಕೆಟ್ಟದ್ದು ಉಂಡೆ ಮಾತ್ರವಲ್ಲ, ಸುಳಿ. ಅಡಿಕೆ, ತೆಂಗು ಬೆಳೆದವರಿಗೆ ಸುಳಿ ಅಂದರೆ ಏನೆಂದು ಹೇಳಬೇಕಿಲ್ಲ. ಸೈಕಸ್‌ನ ಹೆಣ್ಣು ಗಿಡದ ವಿಶೇಷ ಇಲ್ಲೇ ಇರುವುದು. ಗಂಡು ಗಿಡದಲ್ಲಿ ಕಾಂಡದ ತುದಿಯೇ ತೆನೆಯಾಗಿ ಮುಗಿದುಹೋಗುತ್ತದೆ, ಮುಂದಿನ ಗರಿಗೆ ಪಕ್ಕದಲ್ಲಿ ಹೊಸ ಸುಳಿ ಹುಟ್ಟಬೇಕು. ಹೆಣ್ಣಿನಲ್ಲಿ ಹಾಗಲ್ಲ. ಉಂಡೆಯ ಒಳಗೆ ಸುಳಿ ಹಾಗೇ ಜೀವಂತ ಇರುತ್ತದೆ, ಮುಂದಿನ ಗರಿಗಳು ಅದರ ನಟ್ಟನಡುವಿನಿಂದಲೇ ಮೇಲೆ ಬರುತ್ತವೆ. ನಾನು ಅರಿಶಿನ ಮೆತ್ತಿದ್ದು ಸತ್ತ ಸುಳಿಯ ಮೇಲೆ.

ಇನ್ನೊಂದು ಎರಡು ಮೂರು ವಾರ ಕಾದರೆ ಉಂಡೆ ಸಡಿಲವಾಗುತ್ತದೆ. ಹತ್ತಿರ ಹೋಗಿ ನೋಡಿ. ಅದು ಒಂದೇ ಮುದ್ದೆಯಲ್ಲ, ನೂರಾರು ಎಸಳು. ಒಂದೊಂದೂ ಬೆರಳು ಬಿಡಿಸಿದ ಹಸ್ತದ ಹಾಗೆ, ಮೈಯೆಲ್ಲ ಕಂದುಹಳದಿ ರೋಮ. ಹಸ್ತದ ಬುಡದಲ್ಲಿ, ಎರಡು ಅಂಚಿಗೂ, ಬಟಾಣಿಯಂಥ ಗುಂಡು ಗುಂಡು ಬೀಜಾಂಡ ಅಂಟಿಕೊಂಡಿರುತ್ತವೆ. ಯಾವ ಹೊದಿಕೆಯೂ ಇಲ್ಲ, ಕಾಯಿಯ ಗೋಡೆ ಇಲ್ಲ, ಬಟಾಬಯಲು. ಪಿಯುಸಿಯಲ್ಲಿ ‘ಅನಾವೃತಬೀಜಿ’ ಎಂದು ಉರುಹೊಡೆದ ಪದ ನನಗೆ ಅರ್ಥವಾದದ್ದು ನಲವತ್ತು ದಾಟಿದ ಮೇಲೆ, ನಮ್ಮ ಕಾಂಪೌಂಡಿನಲ್ಲಿ ಮೊಣಕಾಲೂರಿ ಕೂತಾಗ. ಎಸಳನ್ನೇ ಸ್ವಲ್ಪ ಹೊತ್ತು ನೋಡಿದರೆ ಇನ್ನೂ ಒಂದು ವಿಷಯ ಹೊಳೆಯುತ್ತದೆ: ಅದು ಗರಿಯ ತದ್ರೂಪ, ಚಿಕ್ಕದಾಗಿ ಮುದುರಿ ಉಣ್ಣೆ ಹೊದ್ದ ಗರಿ. ಬೀಜ ಹೊರುವುದಕ್ಕೆಂದು ವೇಷ ಬದಲಿಸಿದ ಎಲೆ.

14 ವರ್ಷಕ್ಕೇ ನಿಮಗೆ ಇದು ಕಾಣಸಿಕ್ಕಿದ್ದು ಪುಣ್ಯ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ತಂದ ಒಂದು ಸೈಕಡ್, ಅಂದರೆ ಸೈಕಸ್ ಬಳಗದ್ದೇ ಗಿಡ, ಇನ್ನೂ ಕುಂಡದಲ್ಲೇ ಬದುಕಿದೆ. ಅದು ತೆನೆ ಬಿಟ್ಟದ್ದು ಒಂದೇ ಸಲ, 1819ರಲ್ಲಿ. ನಿಮ್ಮ ಗಿಡ ಅಷ್ಟು ಸತಾಯಿಸುವುದಿಲ್ಲ. ನೀವು ಕಳಿಸಿದ ಚಿತ್ರದಲ್ಲಿರುವುದು ಸೈಕಸ್ ರೆವೊಲುಟಾ, ಜಪಾನಿನ ದಕ್ಷಿಣ ದ್ವೀಪಗಳ ಮೂಲದ್ದು. ಚೆನ್ನಾಗಿ ಬಿಸಿಲು ಬಿದ್ದರೆ ಎರಡು ಮೂರು ವರ್ಷಕ್ಕೊಮ್ಮೆ ಹೀಗೆ ಬಿಡುತ್ತದೆ.

ಈಗ ಆ ಕಳ್ಳನ ವಿಷಯ.

ಸೈಕಸ್ ಗರಿ ಬಿಡುವುದನ್ನು ಗಮನಿಸಿದ್ದೀರಾ? ತೆಂಗಿನ ಹಾಗೆ ತಿಂಗಳಿಗೊಂದು ಗರಿಯಲ್ಲ. ವರ್ಷವಿಡೀ ಕಲ್ಲಿನ ಹಾಗೆ ಕೂತಿದ್ದು, ಒಂದು ದಿನ ನೆತ್ತಿಯಲ್ಲಿ ಬೆಳ್ಳಗೆ ರೋಮದ ಮೊನೆಗಳು ಕಾಣುತ್ತವೆ. ಆಮೇಲೆ ಇಡೀ ಸುತ್ತು ಒಟ್ಟಿಗೇ ಮೇಲೇಳುತ್ತದೆ. ಬೆಳಿಗ್ಗೆ ನೋಡಿದ್ದಕ್ಕೂ ಸಂಜೆ ನೋಡಿದ್ದಕ್ಕೂ ವ್ಯತ್ಯಾಸ ಗೊತ್ತಾಗುವಷ್ಟು ವೇಗ. ಪ್ರತಿ ಗರಿಯ ಎರಡೂ ಕಡೆ ಎಳೆ ದಳಗಳು ಜರೀಗಿಡದ ಹಾಗೆ ಒಳಕ್ಕೆ ಸುರುಳಿ ಸುತ್ತಿಕೊಂಡಿರುತ್ತವೆ, ದಿನದಿನಕ್ಕೂ ಬಿಚ್ಚುತ್ತವೆ. ಸುಮಾರು ಒಂದೂವರೆ ತಿಂಗಳೊಳಗೆ ಗಟ್ಟಿಯಾಗಿ, ಮುಟ್ಟಿದರೆ ಚುಚ್ಚುವ ಹಾಗೆ ಆಗುತ್ತದೆ. ಆ ಗಟ್ಟಿ ಗರಿಯನ್ನು ಹಸುವೂ ಮೂಸುವುದಿಲ್ಲ. ಎಳೆಯದಿದ್ದಾಗ ಮಾತ್ರ ಅದು ಬೆಣ್ಣೆ.

ಅದನ್ನು ಕಾದು ಕೂತಿರುವವನು ಒಬ್ಬ ಉಗುರಗಲದ ನೀಲಿ ಚಿಟ್ಟೆ, ಪ್ಲೇನ್ಸ್ ಕ್ಯೂಪಿಡ್. ಸುರುಳಿ ಬಿಚ್ಚುವ ಮುಂಚೆಯೇ ಮೊಟ್ಟೆ ಇಟ್ಟು ಹೋಗುತ್ತದೆ. ಮರಿಹುಳು ಎಳೆ ದಳದ ಬಣ್ಣದ್ದೇ, ಹುಡುಕಿದರೂ ಕಾಣುವುದಿಲ್ಲ. ಅದು ಒಸರುವ ಸಿಹಿಗೆ ಇರುವೆಗಳು ಬಂದು ಕಾವಲು ನಿಲ್ಲುತ್ತವೆ. ಹಾಗಾಗಿ ಹೊಸ ಗರಿಯ ಮೇಲೆ ಇರುವೆ ಸಾಲು ಕಂಡಿತೆಂದರೆ ಹುಳ ಇದೆ ಎಂದೇ ಲೆಕ್ಕ. ಇರುವೆಯೇ ತಿಂದಿತು ಎಂದು ಇರುವೆ ಪುಡಿ ಉದುರಿಸುವವರನ್ನು ನೋಡಿದ್ದೇನೆ. ಪಾಪದ ಕಾವಲುಗಾರರು ಸಾಯುತ್ತಾರೆ, ಕಳ್ಳ ತಿನ್ನುತ್ತಲೇ ಇರುತ್ತಾನೆ.

ನಾನು ಮಾಡುವುದು ಬಹಳ ಸುಲಭ. ಬೆಳ್ಳಗಿನ ಮೊನೆ ಕಂಡ ದಿನವೇ ಹಳೆಯ ಸೊಳ್ಳೆಪರದೆಯನ್ನು ನಾಲ್ಕು ಕೋಲಿಗೆ ಕಟ್ಟಿ ಗಿಡದ ಮೇಲೆ ಇಳಿಬಿಡುತ್ತೇನೆ. ಪರದೆ ಗರಿಗೆ ತಾಗಬಾರದು, ತಾಗಿದರೆ ಗರಿ ಡೊಂಕಾಗುತ್ತದೆ, ಆ ಡೊಂಕು ಮತ್ತೆ ಸರಿಯಾಗುವುದಿಲ್ಲ. ಪರದೆ ಕಟ್ಟಲಾಗದ ವರ್ಷ ಸಂಜೆ ಹೊತ್ತು ಬೇವಿನೆಣ್ಣೆ ಸಿಂಪಡಿಸಿದ್ದೇನೆ, ಮೂರು ನಾಲ್ಕು ದಿನಕ್ಕೊಮ್ಮೆ. ಅರ್ಧ ಫಲ ಸಿಕ್ಕಿತು. ಗರಿ ಒಮ್ಮೆ ಗಟ್ಟಿಯಾದ ಮೇಲೆ ಆ ಹುಳಕ್ಕೆ ಹಲ್ಲು ನಾಟುವುದಿಲ್ಲ, ಚಿಂತೆ ಬೇಡ. ಅದು ತಿಂದುಳಿಸಿದ ಗರಿಗಳನ್ನೂ ಹಸಿರಿರುವವರೆಗೆ ಕತ್ತರಿಸಬೇಡಿ. ನೋಡಲು ಅಸಹ್ಯವಾದರೂ ಗಿಡದ ಊಟ ಅದರಿಂದಲೇ.

ಗರಿ ಬಿಚ್ಚುವ ಆ ಒಂದೂವರೆ ತಿಂಗಳು ನೀರು ತಪ್ಪಿಸಬಾರದು. ಕುಂಡದಲ್ಲಿದ್ದರೆ ಜಾಗವನ್ನೂ ಬದಲಿಸಬಾರದು. ನೆರಳಿನಲ್ಲಿ ಬಿಚ್ಚಿದ ಗರಿ ಉದ್ದಕ್ಕೆ ಜೋತುಬೀಳುತ್ತದೆ. ಮಿಕ್ಕ ದಿನ ಈ ಗಿಡವನ್ನು ಎಷ್ಟು ಮರೆತರೆ ಅಷ್ಟು ಒಳ್ಳೆಯದು. ನಾನು ಕಂಡ ಸತ್ತ ಸೈಕಸ್‌ಗಳೆಲ್ಲ ನೀರು ನಿಂತು ಬುಡ ಕೊಳೆತು ಸತ್ತವೇ.

ಹುಳದ ಸುಳಿವೇ ಇಲ್ಲದೆ ಹೊಸ ಗರಿ ಹಳದಿಯಾಗಿ ಸುಟ್ಟಂತೆ ಮುರುಟಿಕೊಂಡರೆ ಅದು ಬೇರೆ ಕಥೆ, ಮ್ಯಾಂಗನೀಸ್ ಕೊರತೆ. ಬೋರ್‌ವೆಲ್ಲಿನ ಗಡಸು ನೀರು ಹಾಕುವ ಮನೆಗಳಲ್ಲಿ ಇದು ಬರುತ್ತದೆ, ಮಣ್ಣು ಸುಣ್ಣಗಟ್ಟಿದಾಗ ಬೇರಿಗೆ ಮ್ಯಾಂಗನೀಸ್ ಸಿಗುವುದಿಲ್ಲ. ಗೊಬ್ಬರದಂಗಡಿಯಲ್ಲಿ ಮ್ಯಾಂಗನೀಸ್ ಸಲ್ಫೇಟ್ ಕೇಳಿ, ಮೆಗ್ನೀಸಿಯಂ ಅಲ್ಲ. ನಾನು ಒಂದು ವರ್ಷ ಪೂರ್ತಿ ಮೆಗ್ನೀಸಿಯಂ ಹಾಕಿ ‘ಯಾಕೋ ನಾಟುತ್ತಿಲ್ಲ’ ಅಂತ ಕೊರಗಿದ್ದೇನೆ. ಒಮ್ಮೆ ಕೆಟ್ಟ ಗರಿ ಮತ್ತೆ ಹಸಿರಾಗುವುದಿಲ್ಲ, ಔಷಧಿ ಹಿಡಿಯಿತೋ ಇಲ್ಲವೋ ತಿಳಿಯಲು ಮುಂದಿನ ಸುತ್ತಿನವರೆಗೆ ಕಾಯಬೇಕು. ಬುಡ ಕೆದಕುವಾಗ ಮಣ್ಣಿನ ಮೇಲೆ ಹವಳದ ಹಾಗೆ ಗಂಟುಗಂಟಾದ ಬೇರು ಕಂಡರೆ ಅದನ್ನೂ ಕೀಳಬೇಡಿ. ಅದರೊಳಗೆ ನೀಲಿಹಸಿರು ಪಾಚಿ ಮನೆ ಮಾಡಿಕೊಂಡು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಯೂರಿಯಾ ಖರ್ಚು ಉಳಿಯಿತು.

ಬೀಜ ಆಗುತ್ತದಾ ಎಂದೂ ಕೇಳಿದ್ದೀರಿ. ಗಂಡು ಗಿಡ ಬೇಕು. ನಿಮ್ಮ ಬಡಾವಣೆಯಲ್ಲೇ ಯಾರ ಮನೆಯಲ್ಲಾದರೂ ಸೈಕಸ್ ನಡುವೆ ಮೊಳಕೈ ಉದ್ದದ ಹಳದಿ ತೆನೆ ನಿಂತಿದೆಯೇ ನೋಡಿ, ಮುಸುಕಿನ ಜೋಳಕ್ಕೆ ಅನಾನಸ್ ಸಿಪ್ಪೆ ಹೊದಿಸಿದ ಹಾಗೆ ಇರುತ್ತದೆ. ನಮ್ಮ ಎರಡನೆಯ ಗಿಡ 2014ರಲ್ಲಿ ಹಾಗೆ ತೆನೆ ಬಿಟ್ಟಾಗ ನರ್ಸರಿಯವನ ಸುಳ್ಳು ಅಕಸ್ಮಾತ್ತಾಗಿ ನಿಜವಾಯಿತು. ಬಲಿತ ಗಂಡು ತೆನೆ ಬಿಸಿಯೇರುತ್ತದೆ, ಒಂಥರಾ ಹುಳಿಗಟ್ಟಿದ ಘಾಟು ವಾಸನೆ ಬಿಡುತ್ತದೆ. ಅದಕ್ಕೆ ಜೀರುಂಡೆಗಳು ಬರುತ್ತವೆ. ನಮ್ಮ ಅತ್ತೆ ಗೇಟಿನ ಹತ್ತಿರ ಇಲಿ ಸತ್ತಿದೆ ಎಂದು ಎರಡು ದಿನ ಹುಡುಕಿದರು. ತೆನೆಯ ಕೆಳಗೆ ಪೇಪರ್ ಹಾಸಿ ತಟ್ಟಿದರೆ ಹಳದಿ ಪುಡಿ ಉದುರುತ್ತದೆ. ನಿಮ್ಮ ಗಿಡದ ಉಂಡೆ ಸಡಿಲವಾಗಿ ಎಸಳುಗಳ ನಡುವೆ ಬೆರಳು ಹೋಗುವಂತಿದ್ದಾಗ, ಒಣ ಬ್ರಷ್ಷಿನಲ್ಲಿ ಆ ಪುಡಿಯನ್ನು ಒಳಗೆ ಧೂಳುಹೊಡೆಯಿರಿ, ನಾಲ್ಕೈದು ದಿನ. ಉಂಡೆ ಮತ್ತೆ ಮುಚ್ಚಿಕೊಂಡ ಮೇಲೆ ಫಲವಿಲ್ಲ.

ಪರಾಗ ಬಿದ್ದ ಮೇಲೂ ಗರ್ಭ ಕಟ್ಟುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಪರಾಗ ಬೀಜಾಂಡದ ಒಳಗೆ ನಿಧಾನವಾಗಿ ಬೇರೂರಿ, ಕೊನೆಗೆ ಬಾಲಗಳಿರುವ ಗಂಡುಕಣಗಳನ್ನು ಬಿಡುತ್ತದೆ. ಅವು ಬೀಜಾಂಡದೊಳಗಿನ ಒಂದು ಹನಿ ದ್ರವದಲ್ಲಿ ಈಜಿಕೊಂಡು ಹೋಗುತ್ತವೆ. ಬೀಜ ಬಿಡುವ ಗಿಡದಲ್ಲಿ ಈಜುವ ಗಂಡುಕಣ! ಇದನ್ನು ಸೈಕಸ್‌ನಲ್ಲಿ ಮೊದಲು ಕಂಡವರು ಜಪಾನಿನ ಇಕೆನೊ, 1896ರಲ್ಲಿ. ನೋಡಿದ್ದು ನಿಮ್ಮ ಮನೆಯಲ್ಲಿರುವ ಇದೇ ರೆವೊಲುಟಾದಲ್ಲಿ.

ಇದೆಲ್ಲ ಜಪಾನಿನ ಗಿಡದ ಮಾತಾಯಿತು. ನಮ್ಮ ಘಟ್ಟದ ಸೈಕಸ್ ಬೇರೆ ಇದೆ, ಸೈಕಸ್ ಸರ್ಸಿನಾಲಿಸ್, ಆಳೆತ್ತರಕ್ಕೂ ಮೀರಿ ಬೆಳೆಯುವಂಥದ್ದು, ಕಾಡಿನಲ್ಲಿ ಈಗ ಅಳಿವಿನಂಚಿನಲ್ಲಿದೆ. ನಮ್ಮ ಅತ್ತೆಯ ತವರು ಕಾಸರಗೋಡು ಕಡೆ. ಅಲ್ಲಿನ ಮಲಯಾಳಿಗಳು ಇದನ್ನು ಈಂದ್ ಎನ್ನುತ್ತಾರೆ, ಮದುವೆ ಚಪ್ಪರಕ್ಕೆ ಇದರ ಗರಿ. ಬೀಜವನ್ನು ಒಡೆದು, ಒಣಗಿಸಿ, ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಸಿ, ಆಮೇಲೆ ಹಿಟ್ಟು ಮಾಡಿ ತಿನ್ನುತ್ತಿದ್ದರಂತೆ. ಮೈಸೂರು ಸೀಮೆಯ ಒಂದು ಸೈಕಸ್ ಹೇಗೆ ಹುಟ್ಟಿ ಬೆಳೆದು ಬೀಜ ಕಟ್ಟುತ್ತದೆ ಎಂದು ನಮ್ಮ ಬಿ.ಜಿ.ಎಲ್. ಸ್ವಾಮಿಯವರು 1948ರಲ್ಲೇ ಅಮೆರಿಕದ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಬರೆದಿದ್ದರು. 2008ರಲ್ಲಿ ಕರ್ನಾಟಕದ ಒಂದು ಸೈಕಸ್‌ಗೆ ಅವರ ಹೆಸರನ್ನೇ ಇಟ್ಟರು, ಸೈಕಸ್ ಸ್ವಾಮಿಐ. ಗಿಡಗಳ ಬಗ್ಗೆ ಕನ್ನಡಿಗರನ್ನು ನಗಿಸುತ್ತಾ ಓದಿಸಿದವರಿಗೆ ಇಷ್ಟು ಗಂಭೀರವಾದ ಗಿಡ ಸಿಕ್ಕಿತಲ್ಲ ಎಂದು ನನಗೆ ಆಗಾಗ ನಗು ಬರುತ್ತದೆ.

ಹಿಟ್ಟು ಮಾಡಿ ತಿನ್ನುತ್ತಿದ್ದರು ಎಂದೆ, ನೀವು ದಯವಿಟ್ಟು ಆ ಪ್ರಯೋಗಕ್ಕೆ ಇಳಿಯಬೇಡಿ. ಅಷ್ಟೆಲ್ಲ ನೆನೆಸುತ್ತಿದ್ದದ್ದು ವಿಷ ಇಳಿಸುವುದಕ್ಕೆ. ಇಂಗ್ಲಿಷಿನವರು ಇದನ್ನು ಸಾಗೊ ಪಾಮ್ ಎನ್ನುತ್ತಾರೆಂದು ಸಬ್ಬಕ್ಕಿ ಪಾಯಸ ನೆನಪಾದರೆ, ನಮ್ಮ ಸಬ್ಬಕ್ಕಿ ಆಗುವುದು ಮರಗೆಣಸಿನಿಂದ. ಇದು ಪಾಮ್ ಜಾತಿಯೂ ಅಲ್ಲ.

ನಿಮ್ಮ ಚಿತ್ರದಲ್ಲಿ ಗೇಟಿನ ಹಿಂದೆ ಒಂದು ನಾಯಿಯ ಬಾಲ ಕಂಡಿತು. ಅದಕ್ಕೇ ಇಷ್ಟು ಉದ್ದ ಬರೆದದ್ದು ಅನ್ನಿ. ಪರಾಗ ಬಿದ್ದರೆ ಚಳಿಗಾಲದ ಹೊತ್ತಿಗೆ ಉಂಡೆಯ ತುಂಬಾ ಕೆಂಪುಕಿತ್ತಳೆ ಬೀಜಗಳು, ಗೋಲಿಗಿಂತ ದೊಡ್ಡವು, ಒಂದೊಂದಾಗಿ ಉದುರುತ್ತವೆ. ನಾಯಿಗೆ ಅದು ಚೆಂಡು. ಒಂದೆರಡು ಅಗಿದು ನುಂಗಿದರೂ ಲಿವರ್ ಕೆಟ್ಟು ಜೀವ ಹೋಗಬಹುದು. ಗರಿ, ಬೇರು ಎಲ್ಲದರಲ್ಲೂ ವಿಷ ಇದೆ, ಬೀಜದಲ್ಲಿ ಎಲ್ಲಕ್ಕಿಂತ ಜಾಸ್ತಿ. ನಾಯಿ ತಿಂದದ್ದು ಕಂಡರೆ ವಾಂತಿ ಶುರುವಾಗಲಿ ಎಂದು ಕಾಯದೆ ತಕ್ಷಣ ಪಶುವೈದ್ಯರ ಹತ್ತಿರ ಓಡಿ. ನಾನು ದೀಪಾವಳಿ ಆದ ಕೂಡಲೇ ಗಿಡದ ಸುತ್ತ ಕೋಳಿಬಲೆ ಕಟ್ಟುತ್ತೇನೆ, ಬೀಜಗಳನ್ನು ಕೈಗವಸು ಹಾಕಿಕೊಂಡು ನಾನೇ ಬಿಡಿಸಿ ತೆಗೆಯುತ್ತೇನೆ. ಸಿಪ್ಪೆ ಸುಲಿದು ನೀರಿಗೆ ಹಾಕಿದಾಗ ತೇಲಿದವು ಜೊಳ್ಳು, ಮುಳುಗಿದವನ್ನು ಮರಳಿನಲ್ಲಿ ಅರ್ಧ ಹೂತಿಡುವುದು. ಮೊಳಕೆಗೆ ಆರು ತಿಂಗಳೂ ಆಗಬಹುದು. ಹೋದ ಸಲದ್ದರಲ್ಲಿ ಹನ್ನೊಂದು ಎದ್ದಿವೆ, ಎಲ್ಲಕ್ಕೂ ಈಗ ಒಂದೊಂದೇ ಗರಿ. ಮೈಸೂರಿನ ಕಡೆ ಬಂದರೆ ಎರಡು ಕೊಡುತ್ತೇನೆ. ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ.