‘ನಿಶ್ಶಸ್ತ್ರ ಯೋಧರು’ ಲೇಖನದ ಎರಡು ವಾಕ್ಯಗಳ ಕುರಿತು

ಪ್ರಿಯ ಲೇಖಕರೇ,

ಟೆಕ್ಸಸ್‌ನ ಆಸ್ಟಿನ್‌ನಿಂದ ನೀವು ಕಳುಹಿಸಿದ ‘ನಿಶ್ಶಸ್ತ್ರ ಯೋಧರು’ ಲೇಖನ ತಲುಪಿದೆ. ಅಮೆರಿಕದ ಸೈನಿಕರು ತಮ್ಮದೇ ದೇಶದೊಳಗಿನ ಸೇನಾ ನೆಲೆಗಳಲ್ಲಿ ಮತ್ತು ಭರ್ತಿ ಕಚೇರಿಗಳಲ್ಲಿ ಆತ್ಮರಕ್ಷಣೆಗಾಗಿ ಸ್ವಂತ ಬಂದೂಕು ಇಟ್ಟುಕೊಳ್ಳಲು ಅಡ್ಡಿಯಿರಬಾರದು ಎಂಬುದು ನಿಮ್ಮ ವಾದ. ಭಾಷೆ ಶುದ್ಧವಾಗಿದೆ, ಓಟ ಚೆನ್ನಾಗಿದೆ. ಮಡಿಕೇರಿಯ ಬಳಿಯ ನಿಮ್ಮ ಮನೆಯಲ್ಲಿ ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ಅಜ್ಜ ಕೋವಿಯನ್ನು ಒರೆಸಿ, ನಳಿಗೆಗೆ ತೋಕ್ ಪೂ ಎಂಬ ಕೋವಿ ಹೂವನ್ನು ಸಿಕ್ಕಿಸಿ ಪೂಜೆಗಿಡುತ್ತಿದ್ದುದನ್ನು ವರ್ಣಿಸಿದ ಭಾಗ ನನಗೆ ಹಿಡಿಸಿತು. ಆದರೆ ಲೇಖನವನ್ನು ಈಗಿರುವಂತೆಯೇ ಪ್ರಕಟಿಸಲು ನನಗೆ ಸಾಧ್ಯವಿಲ್ಲ. ಅದಕ್ಕೆ ನಿಮ್ಮ ನಿಲುವು ಕಾರಣವಲ್ಲ. ನಿಮ್ಮ ಇಡೀ ವಾದವನ್ನು ಹೊತ್ತು ನಿಂತಿರುವ ಎರಡು ವಾಕ್ಯಗಳು ಕಾರಣ. ಅವನ್ನು ಓದಿದಾಗ ನನಗೆ ಸಿಟ್ಟು ಬಂದದ್ದು ನಿಜ, ಆದ್ದರಿಂದ ಉಳಿದುದನ್ನೆಲ್ಲ ಬಿಟ್ಟು ಅವುಗಳ ಬಗ್ಗೆಯೇ ಬರೆಯುತ್ತೇನೆ.

ಮೊದಲನೆಯದು ಎರಡನೇ ಪುಟದಲ್ಲಿದೆ: ‘1993ರಲ್ಲಿ ಅಧ್ಯಕ್ಷ ಕ್ಲಿಂಟನ್ ಒಂದೇ ಒಂದು ಸಹಿಯಿಂದ ದೇಶದ ಎಲ್ಲ ಸೇನಾ ನೆಲೆಗಳಲ್ಲಿನ ಯೋಧರ ಕೈಯಿಂದ ಬಂದೂಕನ್ನು ಕಿತ್ತುಕೊಂಡರು.’

ಈ ಮಾತನ್ನು ನೀವು ಕಟ್ಟಿದ್ದಲ್ಲ; ಅಮೆರಿಕದಲ್ಲಿ ಪ್ರತಿ ಗುಂಡಿನ ದಾಳಿಯ ನಂತರವೂ ಇದು ಬಾಯಿಂದ ಬಾಯಿಗೆ ಹರಿದಾಡುತ್ತದೆ. ಒಬ್ಬ ನಾಯಕ, ಒಂದು ಸಹಿ, ಒಂದು ಅನ್ಯಾಯ ಎಂಬಷ್ಟರಲ್ಲಿ ಕಥೆ ಮುಗಿದುಹೋಗುತ್ತದೆ. ಕ್ಲಿಂಟನ್ ಅಧಿಕಾರ ಸ್ವೀಕರಿಸಿದ್ದು 1993ರ ಜನವರಿ 20ರಂದು. ಸೇನಾ ಸಿಬ್ಬಂದಿಯಲ್ಲಿ ಯಾರು ಯಾವಾಗ ಶಸ್ತ್ರ ಧರಿಸಬಹುದು ಎಂಬುದನ್ನು ನಿಗದಿಪಡಿಸಿದ ರಕ್ಷಣಾ ಇಲಾಖೆಯ 5210.56 ಸಂಖ್ಯೆಯ ನಿರ್ದೇಶನ ಹೊರಬಿದ್ದದ್ದು ಅದಕ್ಕೂ ಮೊದಲು, 1992ರ ಫೆಬ್ರವರಿಯಲ್ಲಿ, ಹಿರಿಯ ಬುಷ್ ಅಧ್ಯಕ್ಷರಾಗಿದ್ದಾಗ. 1993ರ ಮಾರ್ಚ್‌ನಲ್ಲಿ ಬಂದದ್ದು ಆ ನಿರ್ದೇಶನವನ್ನು ಭೂಸೇನೆಯೊಳಗೆ ಜಾರಿಗೊಳಿಸುವ 190-14 ಎಂಬ ನಿಯಮಾವಳಿ. ಇಲಾಖೆಯ ಕಡತವೊಂದು ತನ್ನ ದಾರಿಯಲ್ಲಿ ಮುಂದೆ ಸಾಗಿದ್ದನ್ನು ನೀವು ಅಧ್ಯಕ್ಷರೊಬ್ಬರ ಕೃತ್ಯವಾಗಿ ಮಾಡಿದ್ದೀರಿ.

‘ಎಲ್ಲ ಯೋಧರ’ ಎಂದಿದ್ದೀರಿ. ಸೇನಾ ಪೊಲೀಸರು, ಗೇಟಿನ ಕಾವಲುಗಾರರು, ಭದ್ರತಾ ಕರ್ತವ್ಯಕ್ಕೆ ನಿಯೋಜಿತರಾದವರು ಆಗಲೂ ಶಸ್ತ್ರಸಜ್ಜಿತರಾಗಿದ್ದರು, ಈಗಲೂ ಇದ್ದಾರೆ. ‘ಕಿತ್ತುಕೊಂಡರು’ ಎಂದಿದ್ದೀರಿ. ಕಿತ್ತುಕೊಳ್ಳಲು ಕೈಯಲ್ಲಿ ಏನಾದರೂ ಇರಬೇಕು. 1992ಕ್ಕೆ ಮೊದಲು ಕೂಡ ನೆಲೆಯೊಳಗಿನ ಸೈನಿಕ ಕಚೇರಿಗೆ, ಊಟದ ಮನೆಗೆ, ಆಸ್ಪತ್ರೆಗೆ ಬಂದೂಕು ತೂಗುಹಾಕಿಕೊಂಡು ಹೋಗುವ ರೂಢಿ ಇರಲಿಲ್ಲ. ಅವನ ರೈಫಲ್ ಘಟಕದ ಶಸ್ತ್ರಾಗಾರದಲ್ಲಿರುತ್ತಿತ್ತು, ತರಬೇತಿಗೆ ಹೊರಬರುತ್ತಿತ್ತು, ಎಣಿಕೆಯಾಗಿ ಮತ್ತೆ ಒಳಗೆ ಹೋಗುತ್ತಿತ್ತು.

ಇಲ್ಲಿ ನನ್ನ ಕಲಿಕೆಯ ದಿನಗಳ ಒಂದು ಸಂಗತಿಯನ್ನು ಹೇಳಬೇಕೆನಿಸುತ್ತದೆ. ಧಾರವಾಡ ಸೀಮೆಯ ಒಂದು ದಿನಪತ್ರಿಕೆಯಲ್ಲಿ ನಾನು ಉಪಸಂಪಾದಕನಾಗಿ ಸೇರಿದ ಹೊಸತರಲ್ಲಿ, ನಮ್ಮ ಹಿರಿಯ ಸುದ್ದಿ ಸಂಪಾದಕರು ಪೊಲೀಸ್ ಸುದ್ದಿಗಳನ್ನು ಬರೆಯುವ ಹುಡುಗರನ್ನೆಲ್ಲ ಒಂದು ಬೆಳಿಗ್ಗೆ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಶಸ್ತ್ರಾಗಾರಕ್ಕೆ ಕಳುಹಿಸುತ್ತಿದ್ದರು. ನನ್ನ ಸರದಿ ಬಂದಾಗ ಅಲ್ಲಿನ ಹವಾಲ್ದಾರರು ಕಬ್ಬಿಣದ ಸರಳುಗಳ ಕಿಟಕಿಯ ಹಿಂದೆ ಕುಳಿತಿದ್ದರು. ಬಂದೋಬಸ್ತಿಗೆ ಹೊರಟ ಪೇದೆ ಎದುರು ನಿಂತ. ಅವರು ರೈಫಲಿನ ಬಟ್ ನಂಬರನ್ನು ಗಟ್ಟಿಯಾಗಿ ಓದಿ ರಿಜಿಸ್ಟರಿನಲ್ಲಿ ಬರೆದುಕೊಂಡರು, ಗುಂಡುಗಳನ್ನು ಮೇಜಿನ ಮೇಲೆ ಐದೈದರ ಸಾಲಿನಲ್ಲಿ ಜೋಡಿಸಿ ಅವನಿಂದಲೇ ಎಣಿಕೆ ಮಾಡಿಸಿದರು, ಅವನು ಸಹಿ ಹಾಕಿದ ಮೇಲಷ್ಟೇ ರೈಫಲನ್ನು ಸರಳಿನ ಕೆಳಗಿನಿಂದ ಹೊರಕ್ಕೆ ಜಾರಿಸಿದರು. ರಾತ್ರಿಪಾಳಿ ಮುಗಿಸಿ ಬಂದ ಮತ್ತೊಬ್ಬನ ಲೆಕ್ಕ ಮುಗಿಯುವವರೆಗೆ ಅವನಿಗೆ ಮನೆಗೆ ಹೋಗುವ ಹಾಗಿರಲಿಲ್ಲ. ಸಮವಸ್ತ್ರದ ಕೈಯಲ್ಲಿರುವ ಬಂದೂಕಿಗೆ ಪ್ರತಿ ಹೊತ್ತಿಗೂ ಒಬ್ಬ ಲೆಕ್ಕ ಕೊಡುವವನು, ಒಬ್ಬ ಲೆಕ್ಕ ಕೇಳುವವನು ಇರುತ್ತಾನೆ ಎಂಬುದು ನನಗೆ ಅಂದು ಕಣ್ಣಾರೆ ತಿಳಿಯಿತು. ಸ್ವಂತ ಪಿಸ್ತೂಲಿಗೆ ಅನುಮತಿ ಕೇಳುವವರು ಈ ವ್ಯವಸ್ಥೆಯ ಜಾಗದಲ್ಲಿ ಏನನ್ನು ಇಡುತ್ತಾರೆ ಎಂಬುದೇ ನಿಮ್ಮ ವಿಷಯದ ತಿರುಳು. ಕ್ಲಿಂಟನ್ ಕಥೆಯನ್ನು ಹಿಡಿದುಕೊಂಡದ್ದರಿಂದ ನಿಮಗೆ ಆ ಪ್ರಶ್ನೆ ಎದುರಾಗಲೇ ಇಲ್ಲ.

ಇನ್ನೊಂದು ನಷ್ಟವೂ ಆಗಿದೆ. 1993ರಲ್ಲಿ ಬಾಗಿಲು ಮುಚ್ಚಿತು ಎಂದು ಬರೆದವರು 2016ರಲ್ಲಿ ಅದು ಅರ್ಧ ತೆರೆದದ್ದನ್ನು ಹೇಳಲೇಬೇಕಿತ್ತು. ಚಟ್ಟನೂಗ ನಗರದಲ್ಲಿ ಐವರು ಸೇನಾ ಸಿಬ್ಬಂದಿಯ ಹತ್ಯೆಯಾದ ನಂತರ, 2015ರ ಕೊನೆಯಲ್ಲಿ ಅಂಗೀಕಾರವಾದ ರಕ್ಷಣಾ ಕಾಯ್ದೆಯಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು, ನೆಲೆಗಳಲ್ಲಿ ಬಂದೂಕು ಇಟ್ಟುಕೊಳ್ಳಲು ಅನುಮತಿ ಕೊಡುವ ವಿಧಾನವೊಂದನ್ನು ರೂಪಿಸುವಂತೆ ರಕ್ಷಣಾ ಕಾರ್ಯದರ್ಶಿಗೆ ಸೂಚಿಸಿತು. 2016ರ ನವೆಂಬರ್‌ನಲ್ಲಿ ಅದೇ 5210.56 ನಿರ್ದೇಶನ ಹೊಸ ರೂಪದಲ್ಲಿ ಬಂದು, ಲೆಫ್ಟಿನೆಂಟ್ ಕರ್ನಲ್ ಅಥವಾ ನೌಕಾಪಡೆಯ ಕಮಾಂಡರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯು, ಕರ್ತವ್ಯಕ್ಕೆ ಸಂಬಂಧವಿಲ್ಲದ ಆತ್ಮರಕ್ಷಣೆಗಾಗಿ ಸ್ವಂತ ಬಂದೂಕು ಇಟ್ಟುಕೊಳ್ಳಲು ತನ್ನ ಕೈಕೆಳಗಿನವರಿಗೆ ಲಿಖಿತ ಅನುಮತಿ ಕೊಡಬಹುದು ಎಂದಿತು. ಅಂದರೆ ಸೈನಿಕನಿಗೆ ಅವಕಾಶ ಇದೆಯೇ ಇಲ್ಲವೇ ಎಂಬ ಹಂತವನ್ನು ಈ ಚರ್ಚೆ ದಾಟಿ, ಅನುಮತಿ ಕೊಡುವ ಹೊಣೆ ಹೊತ್ತ ಅಧಿಕಾರಿ ಯಾವುದನ್ನು ನೋಡಿ ಒಪ್ಪಬೇಕು, ಯಾವುದನ್ನು ನೋಡಿ ನಿರಾಕರಿಸಬೇಕು ಎಂಬಲ್ಲಿಗೆ ಬಂದಿತ್ತು. ನಿಮ್ಮ ಲೇಖನದ ಹನ್ನೊಂದು ಪುಟಗಳಲ್ಲಿ 2016 ಎಂಬ ಇಸವಿಯೇ ಇಲ್ಲ.

ಎರಡನೆಯ ವಾಕ್ಯ ನನ್ನನ್ನು ಇನ್ನೂ ಹೆಚ್ಚು ಕಾಡಿತು: ‘ಚಟ್ಟನೂಗದ ಆ ಬೆಳಿಗ್ಗೆ ಅವರಲ್ಲಿ ಒಬ್ಬನ ಸೊಂಟದಲ್ಲಾದರೂ ಪಿಸ್ತೂಲು ಇದ್ದಿದ್ದರೆ ಐವರೂ ಇಂದು ತಮ್ಮ ಮಕ್ಕಳೊಂದಿಗೆ ಕುಳಿತು ಊಟ ಮಾಡುತ್ತಿದ್ದರು.’

ಇದನ್ನು ಬರೆಯುವ ಮೊದಲು ಆ ಬೆಳಿಗ್ಗೆ ಏನಾಯಿತು ಎಂಬುದನ್ನು ನೀವು ನೋಡಬೇಕಿತ್ತು. 2015ರ ಜುಲೈ 16ರಂದು ಟೆನ್ನೆಸೀ ರಾಜ್ಯದ ಚಟ್ಟನೂಗದಲ್ಲಿ, ಹಂತಕ ಬಾಡಿಗೆ ಕಾರಿನಲ್ಲಿ ಕುಳಿತೇ ಅಂಗಡಿಸಾಲಿನ ಒಂದು ಸೇನಾ ಭರ್ತಿ ಕಚೇರಿಯ ಮೇಲೆ ಗುಂಡು ಹಾರಿಸಿ, ಅಲ್ಲಿಂದ ಹಲವು ಮೈಲಿ ದೂರದ ನೌಕಾಪಡೆ ಮತ್ತು ಮರೀನ್ (ಅಮೆರಿಕದ ನೌಕಾ ಪದಾತಿ ದಳ) ಮೀಸಲು ಕೇಂದ್ರಕ್ಕೆ ಹೋಗಿ, ಗೇಟಿಗೆ ಕಾರು ನುಗ್ಗಿಸಿ ಒಳಹೊಕ್ಕ. ಆ ಕೇಂದ್ರದಲ್ಲಿ ಪಿಸ್ತೂಲು ಇತ್ತು. ಸೇವಾ ಸಿಬ್ಬಂದಿಗೆ ಸೇರಿದ ಎರಡು ಬಂದೂಕುಗಳು ಅಲ್ಲಿ ಸಿಕ್ಕವೆಂದೂ ಅವುಗಳಲ್ಲಿ ಒಂದರಿಂದಲಾದರೂ ಗುಂಡು ಹಾರಿತ್ತೆಂದೂ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ತಿಳಿಸಿತು. ಅಲ್ಲಿನ ನೌಕಾಪಡೆಯ ಅಧಿಕಾರಿ ತನ್ನ ಸ್ವಂತ ಪಿಸ್ತೂಲಿನಿಂದ ಹಂತಕನ ಮೇಲೆ ಗುಂಡು ಹಾರಿಸಿದ್ದ. ಹಾಗಿದ್ದೂ ನಾಲ್ವರು ಮರೀನ್‌ಗಳು ಅಂದೇ ಸತ್ತರು, ನೌಕಾಪಡೆಯ ಒಬ್ಬ ಎರಡು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡ. ಬೇಲಿ ಹಾರಿ ಪಾರಾಗುವ ಅವಕಾಶವಿದ್ದವರಲ್ಲಿ ಕೆಲವರು ಸಂಗಡಿಗರನ್ನು ಉಳಿಸಲು ಹಿಂದಿರುಗಿ ಬಂದಿದ್ದರು. ಹಂತಕನನ್ನು ಕೊನೆಗೆ ಹೊಡೆದುರುಳಿಸಿದವರು ನಗರ ಪೊಲೀಸರು.

ಇದರಿಂದ ನಿಮ್ಮ ವಾದ ಬಿದ್ದುಹೋಗುವುದಿಲ್ಲ. ಆ ಅಧಿಕಾರಿಯ ಗುಂಡುಗಳು ಹಂತಕನನ್ನು ಕ್ಷಣಕಾಲ ತಡೆದು ಇನ್ನಷ್ಟು ಜೀವ ಉಳಿಸಿದವು ಎಂದು ನೀವು ವಾದಿಸಬಹುದು; ತರಬೇತಿ ಪಡೆದ ಇನ್ನೂ ಹಲವರ ಬಳಿ ಶಸ್ತ್ರವಿರಬೇಕಿತ್ತು ಎನ್ನಬಹುದು. ಆದರೆ ‘ಒಬ್ಬನ ಸೊಂಟದಲ್ಲಾದರೂ’ ಎಂದು ಬರೆದು, ಪ್ರಾಣದ ಹಂಗು ತೊರೆದು ಎದುರು ನಿಂತ ಆ ಒಬ್ಬನನ್ನೇ ನೀವು ಕಥೆಯಿಂದ ಅಳಿಸಿಹಾಕಿದ್ದೀರಿ. ಯೋಧರ ಪರವಾಗಿ ಬರೆಯುವ ಲೇಖನದಲ್ಲಿ ಹೀಗಾಗಬಾರದಿತ್ತು. ‘ತಮ್ಮ ಮಕ್ಕಳೊಂದಿಗೆ’ ಎಂಬ ಮಾತನ್ನೂ ನೋಡಿ. ಸತ್ತವರಲ್ಲಿ ಕಿರಿಯನಿಗೆ 21 ವರ್ಷ. ಅವನಿಗೆ ಮದುವೆಯಾಗಿರಲಿಲ್ಲ, ಗುಂಡಿನ ಸದ್ದು ಕೇಳಿದಾಗ ಅವನು ತನ್ನ ಗೆಳತಿಯೊಂದಿಗೆ ಮೊಬೈಲಿನಲ್ಲಿ ಸಂದೇಶ ವಿನಿಮಯ ಮಾಡಿಕೊಳ್ಳುತ್ತಿದ್ದ. ಓದುಗರ ಕಣ್ಣಲ್ಲಿ ನೀರು ತರಿಸಲು ನೀವು ಅವನಿಗೂ ಮಕ್ಕಳನ್ನು ಕೊಟ್ಟಿರಿ. ನಿಜವಾಗಿ ಬದುಕಿ ಸತ್ತ ಒಬ್ಬ ಹುಡುಗನ ಬದುಕನ್ನು ನಮ್ಮ ವಾಕ್ಯದ ಅನುಕೂಲಕ್ಕೆ ತಿದ್ದುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ.

ನನ್ನನ್ನು ಶಸ್ತ್ರಾಗಾರಕ್ಕೆ ಕಳುಹಿಸಿದ ಆ ಹಿರಿಯರು ‘ಹೀಗಾಗಿದ್ದರೆ ಹಾಗಾಗುತ್ತಿತ್ತು’ ಎಂಬ ವಾಕ್ಯವನ್ನು ಸುದ್ದಿಯಲ್ಲಿ ಕಂಡೊಡನೆ ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆಯುತ್ತಿದ್ದರು. ‘ಆಗಿದ್ದೇನು, ಅದನ್ನ ಮೊದಲ ಬರಿ. ಆಗದಿದ್ದದ್ದು ಆಮ್ಯಾಲೆ’ ಎನ್ನುತ್ತಿದ್ದರು. ಬಸ್ ಅಪಘಾತವಾದರೆ ಚಾಲಕ ನಿದ್ದೆಗೆಟ್ಟಿದ್ದನೆಂದು ನಾವು ಬರೆದು ತಂದಾಗ, ಡಿಪೋಗೆ ಹೋಗಿ ಅವನ ಡ್ಯೂಟಿ ಪುಸ್ತಕ ನೋಡಿ ಬರುವವರೆಗೆ ಆ ಪ್ರತಿಯನ್ನು ತಮ್ಮ ಮೇಜಿನ ಖಾನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಅಂದಿನ ಅವರ ಕಠಿಣತೆ ನಮಗೆ ಕಿರುಕುಳವೆನಿಸುತ್ತಿತ್ತು. ಇಂದು ಅವರ ಮೇಜಿನಂಥದೇ ಮೇಜಿನ ಮುಂದೆ ಕುಳಿತು ನಿಮ್ಮ ಪ್ರತಿಯನ್ನು ಓದುವಾಗ, ಅವರಿಲ್ಲದಿದ್ದರೆ ಈ ವಾಕ್ಯವನ್ನು ನಾನು ಸುಲಭವಾಗಿ ಮುದ್ರಣಕ್ಕೆ ಬಿಟ್ಟುಬಿಡುತ್ತಿದ್ದೆ ಎನಿಸುತ್ತದೆ.

ಇದೇ ಎರಡನೆಯ ವಾಕ್ಯದ ನೆರಳು ನಿಮ್ಮ ಫೋರ್ಟ್ ಹುಡ್ ಪುಟದ ಮೇಲೂ ಬಿದ್ದಿದೆ. 2009ರ ನವೆಂಬರ್ 5ರಂದು ಟೆಕ್ಸಸ್‌ನ ಆ ಸೇನಾ ನೆಲೆಯಲ್ಲಿ 13 ಜನರನ್ನು ಕೊಂದವನನ್ನು ನೀವು ‘ಒಬ್ಬ ಉಗ್ರ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಅವನು ಅದೇ ಸೇನೆಯ ಮೇಜರ್, ಮನೋವೈದ್ಯ. ತನ್ನ ಪಿಸ್ತೂಲನ್ನು ನೆಲೆಯ ಪಕ್ಕದ ಕಿಲೀನ್ ಪಟ್ಟಣದ ಅಂಗಡಿಯಲ್ಲಿ ಕೊಂಡಿದ್ದ. 2014ರ ಏಪ್ರಿಲ್‌ನಲ್ಲಿ ಅದೇ ನೆಲೆಯಲ್ಲಿ ಮೂವರನ್ನು ಕೊಂದು ತಾನೂ ಸತ್ತವನು ಕೂಡ ಸೈನಿಕನೇ. 2025ರ ಆಗಸ್ಟ್‌ನಲ್ಲಿ ಜಾರ್ಜಿಯಾದ ಫೋರ್ಟ್ ಸ್ಟೂವರ್ಟ್‌ನಲ್ಲಿ ಐವರನ್ನು ಗಾಯಗೊಳಿಸಿದ ಸಾರ್ಜೆಂಟ್ ಬಳಸಿದ್ದು ತನ್ನ ಸ್ವಂತ ಪಿಸ್ತೂಲನ್ನು. ಅವನನ್ನು ಹಿಡಿದು ನೆಲಕ್ಕೆ ಕೆಡವಿದವರು ಬರಿಗೈಯ ಸಹೋದ್ಯೋಗಿಗಳು. ನಿಮ್ಮ ಲೇಖನದಲ್ಲಿ ಸೈನಿಕ ಯಾವಾಗಲೂ ಗುಂಡಿಗೆ ಎದೆಯೊಡ್ಡಿದವನು, ಒಮ್ಮೆಯೂ ಗುಂಡು ಹಾರಿಸಿದವನಲ್ಲ. ಕನ್ನಡದ ಓದುಗರಿಗೆ ಈ ಸಂಗತಿ ದೂರದ್ದೂ ಅಲ್ಲ: 2023ರ ಏಪ್ರಿಲ್‌ನಲ್ಲಿ ಪಂಜಾಬಿನ ಬಠಿಂಡಾ ಸೇನಾ ನೆಲೆಯಲ್ಲಿ, ಘಟಕದಿಂದಲೇ ಕದ್ದ ರೈಫಲಿಗೆ ಬಲಿಯಾದ ನಾಲ್ವರಲ್ಲಿ ಇಬ್ಬರು ಕರ್ನಾಟಕದ ಹುಡುಗರು, ಬಂಧಿತನಾದವನು ಅದೇ ಘಟಕದ ಸೈನಿಕ. ಅದನ್ನು ಇನ್ನೂ ಮರೆಯದವರು ನಿಮ್ಮ ಲೇಖನ ಓದಿ ಮೊದಲು ಕೇಳುವ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ನೀವು ಬಿಟ್ಟ ಸಂಗತಿಗಳಲ್ಲಿ ನಿಮ್ಮ ಪರವಾದವೂ ಇವೆ ಎಂಬುದು ನನ್ನ ಬೇಸರವನ್ನು ಹೆಚ್ಚಿಸಿತು. 2009ರ ಆ ಮಧ್ಯಾಹ್ನ, ವಿದೇಶಕ್ಕೆ ಹೊರಡುವ ಸೈನಿಕರ ವೈದ್ಯಕೀಯ ತಪಾಸಣೆ ನಡೆಯುವ ಸಭಾಂಗಣದಲ್ಲಿ, ಒಬ್ಬ ಕ್ಯಾಪ್ಟನ್ ಮತ್ತು ಒಬ್ಬ ನಾಗರಿಕ ವೈದ್ಯ ಸಹಾಯಕ ಕೈಗೆ ಸಿಕ್ಕ ಕುರ್ಚಿಯನ್ನೇ ಆಯುಧವಾಗಿಸಿಕೊಂಡು ಹಂತಕನತ್ತ ನುಗ್ಗಿ ಪ್ರಾಣ ಬಿಟ್ಟರು. ಯುದ್ಧಭೂಮಿಗೆ ಹೊರಟು ನಿಂತವರ ನಡುವೆ ರಕ್ಷಣೆಗೆ ದಕ್ಕಿದ್ದು ಒಂದು ಕುರ್ಚಿ! ನಿಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇರೊಂದಿಲ್ಲ. ಮಕ್ಕಳೊಂದಿಗಿನ ಆ ಕಲ್ಪಿತ ಊಟದ ಜಾಗದಲ್ಲಿ ಅದು ಬರಬೇಕು. ಅದರ ಎದುರಿಗೇ 2014ರಲ್ಲಿ ಫೋರ್ಟ್ ಹುಡ್‌ನ ದಂಡನಾಯಕರಾಗಿದ್ದು ಮುಂದೆ ಭೂಸೇನೆಯ ಮುಖ್ಯಸ್ಥರಾದ ಜನರಲ್ ಮಾರ್ಕ್ ಮಿಲ್ಲಿಯವರ ನಿಲುವೂ ಬರಬೇಕು. ತಮ್ಮ ಕೈಕೆಳಗಿನವರ ಶವಗಳನ್ನು ಕಂಡ ಮೇಲೂ, ನೆಲೆಯೊಳಗೆ ಸ್ವಂತ ಬಂದೂಕನ್ನು ಮರೆಮಾಡಿ ಇಟ್ಟುಕೊಳ್ಳುವುದನ್ನು ಅವರು ಬೆಂಬಲಿಸಲಿಲ್ಲ. ಸೇವೆಯಲ್ಲಿರುವವರ ಆತ್ಮಹತ್ಯೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬಂದೂಕಿನಿಂದಲೇ ಆಗುತ್ತವೆ ಎಂಬುದು ರಕ್ಷಣಾ ಇಲಾಖೆಯ ವರದಿಗಳಲ್ಲಿದೆ. ಅನುಮತಿ ಪತ್ರಕ್ಕೆ ಸಹಿ ಹಾಕುವ ಅಧಿಕಾರಿಯ ಮನಸ್ಸಿನಲ್ಲಿ ಅದೂ ಇರುತ್ತದೆ. ಚಟ್ಟನೂಗದ ನಂತರ ವಾರ ಕಳೆಯುವಷ್ಟರಲ್ಲಿ, ಒಹಾಯೊದ ಲ್ಯಾಂಕಾಸ್ಟರ್‌ನಲ್ಲಿ ಭರ್ತಿ ಕಚೇರಿಯ ಮುಂದೆ ತಾನಾಗಿಯೇ ಕಾವಲು ನಿಂತ ನಾಗರಿಕನೊಬ್ಬನ ರೈಫಲಿನಿಂದ ಅಕಸ್ಮಾತ್ತಾಗಿ ಗುಂಡು ಹಾರಿತ್ತು. ಇಂಥ ಕಾವಲು ಬೇಡವೆಂದು ರಕ್ಷಣಾ ಇಲಾಖೆಯೇ ಕೇಳಿಕೊಳ್ಳಬೇಕಾಯಿತು. ಈ ಎಲ್ಲವನ್ನೂ ಎದುರಿಸಿ ನಿಂತ ಮೇಲೂ ನಿಮ್ಮ ನಿಲುವು ಹಾಗೆಯೇ ಉಳಿದರೆ ನಾನು ಸಂತೋಷದಿಂದ ಪ್ರಕಟಿಸುತ್ತೇನೆ.

ಆರನೇ ಪುಟದಿಂದ ಮುಂದಕ್ಕೆ ನಾನು ಏನನ್ನೂ ತಿದ್ದಿಲ್ಲ, ಏಕೆಂದರೆ ಈ ಎರಡು ವಾಕ್ಯಗಳು ಬದಲಾದರೆ ಅಲ್ಲಿನ ಹೆಚ್ಚಿನ ಮಾತುಗಳು ನಿಲ್ಲಲಾರವು. ಮಡಿಕೇರಿಯ ಭಾಗ ಇರಲಿ. ಆದರೆ ಪೂಜೆಯ ದಿನ ಬಿಟ್ಟು ಉಳಿದ ದಿನಗಳಲ್ಲಿ ಆ ಕೋವಿ ಮನೆಯಲ್ಲಿ ಎಲ್ಲಿರುತ್ತಿತ್ತು, ತೋಟಾಗಳು ಎಲ್ಲಿರುತ್ತಿದ್ದವು, ಅದನ್ನು ಮುಟ್ಟಲು ಯಾರ ಅಪ್ಪಣೆ ಬೇಕಿತ್ತು ಎಂಬುದನ್ನು ಅಜ್ಜನನ್ನು ಬಲ್ಲ ಹಿರಿಯರಿಂದ ಕೇಳಿ ಬರೆಯಿರಿ. ಆಸ್ಟಿನ್‌ನಿಂದ ಕಿಲೀನ್ ಹೆಚ್ಚು ದೂರವಿಲ್ಲ. ಸಾಧ್ಯವಾದರೆ ಒಂದು ದಿನ ಅಲ್ಲಿಗೆ ಹೋಗಿ, ನೆಲೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರ ಜೊತೆ ಕುಳಿತು ಮಾತಾಡಿ, ಅವರು ಹೇಳಿದ್ದು ನಿಮಗೆ ಹಿಡಿಸಿದರೂ ಹಿಡಿಸದಿದ್ದರೂ ಟಿಪ್ಪಣಿ ಮಾಡಿಕೊಳ್ಳಿ. ತಿದ್ದಿದ ಪ್ರತಿ ಬರುವವರೆಗೆ ನಿಮ್ಮ ಈ ಹಸ್ತಪ್ರತಿ ನನ್ನ ಬಳಿಯೇ ಇರುತ್ತದೆ.

ವಿಶ್ವಾಸದಿಂದ,
ಸಂಪಾದಕ