ಫಿಜೋ ದೇಶ ಬಿಟ್ಟಿದ್ದು 1956ರಲ್ಲೋ 1960ರಲ್ಲೋ?

ನಿಮ್ಮ ನೋಟ್ಸಲ್ಲಿ ಎರಡು ಪ್ರಯಾಣ ಒಂದೇ ಸಾಲಿಗೆ ಸೇರಿಕೊಂಡಿರಬೇಕು, ಎರಡೂ ಇಸವಿ ಸರಿ. ಹಂಪಿನಗರ ಲೈಬ್ರರಿಯಲ್ಲಿ ಕೂತು ಮಾಡಿದ ನನ್ನ ಕೆಎಎಸ್ ನೋಟ್ಸಲ್ಲೂ ಇದೇ ತಪ್ಪಿತ್ತು. ಪ್ರತ್ಯೇಕ ನಾಗಾ ದೇಶಕ್ಕಾಗಿ ಹೋರಾಡಿದ ನಾಯಕ ಫಿಜೋ 1956ರಲ್ಲಿ ಗಡಿ ದಾಟಿ ಪೂರ್ವ ಪಾಕಿಸ್ತಾನಕ್ಕೆ ಹೋದರು. ಪಾದ್ರಿ ಮೈಕೆಲ್ ಸ್ಕಾಟ್ ನೆರವಿನಿಂದ ಲಂಡನ್ ತಲುಪಿದ್ದು 1960ರಲ್ಲಿ. ಮೊದಲು ಇದನ್ನು ಎರಡು ಸಾಲು ಮಾಡಿ. ಆಮೇಲೆ ನಾಗಾ ಭೂಗತರು ಭಾರತದ ಸಂವಿಧಾನ ಒಪ್ಪಿಕೊಂಡ 1975ರ ಶಿಲ್ಲಾಂಗ್ ಒಪ್ಪಂದದ ಪಕ್ಕ ಫಿಜೋ ಹೆಸರಿದ್ದರೆ ಹೊಡೆದು ಹಾಕಿ. ಸಹಿ ಮಾಡಿದ್ದು ಇಲ್ಲಿದ್ದ ಭೂಗತರ ಪ್ರತಿನಿಧಿಗಳು, ಲಂಡನ್ನಲ್ಲಿದ್ದ ಫಿಜೋ ಅದನ್ನು ಬಹಿರಂಗವಾಗಿ ಖಂಡಿಸಲಿಲ್ಲ ಅನ್ನೋ ಸಿಟ್ಟೂ ಸೇರಿಯೇ 1980ರಲ್ಲಿ ಒಪ್ಪಂದ ವಿರೋಧಿಸಿದ್ದ ನಾಗಾ ನಾಯಕರಾದ ಮುಯಿವಾ, ಐಸಾಕ್ ಸ್ವು, ಖಾಪ್ಲಾಂಗ್ ಬೇರೆ ಸಂಘಟನೆ ಕಟ್ಟಿದರು. ದೂರದಲ್ಲಿ ಕೂತು ಚಳವಳಿ ನಡೆಸೋದು ಅಷ್ಟು ಸುಲಭ ಅಲ್ವಲ್ಲ. ನಿಮ್ಮ ಪ್ರಶ್ನೆ ಎಷ್ಟು ಮಾರ್ಕಿಂದೋ ಗೊತ್ತಿಲ್ಲ, ದೊಡ್ಡದಾದ್ರೆ ಈ ಭಾಗವನ್ನೇ ಜಾಸ್ತಿ ಬರೆಯಿರಿ. ಫಿಜೋ ತೀರಿಕೊಂಡಿದ್ದು 1990, ಲಂಡನ್ನಲ್ಲೇ. ಸಮಾಧಿ ಮಾತ್ರ ಕೊಹಿಮಾದಲ್ಲಿ.