ಮೀನಿಲ್ಲದ ದಿನದ ಮಣಗಣೆ

ಪ್ರಶ್ನೆ: ಆಗಸ್ಟಿನಲ್ಲಿ ಮೀನೂಟಕ್ಕೆಂದೇ ಅರಬೈಲು ಘಾಟಿ ಇಳಿದು ಕಾರವಾರಕ್ಕೆ ಹೋಗಿದ್ದೆವು. ಖಾನಾವಳಿಯ ಬಾಗಿಲಲ್ಲಿ ‘ಶ್ರಾವಣ ಸೋಮವಾರ, ಮೀನಿಲ್ಲ’ ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಹೊಟ್ಟೆ ಹಸಿದಿತ್ತು, ಕೂತೆವು. ಊಟ ಮೀನು ಮರೆಸುವ ಹಾಗಿತ್ತು! ಕೊನೆಗೆ ಕಡಲೆಬೇಳೆ, ಸಾಬೂದಾಣಿ ಹಾಕಿದ ಪಾಯಸ ಬಂತು. ಏಲಕ್ಕಿಯ ಜೊತೆ ಬೇರೇನೋ ಘಮ. ಬಟ್ಟಲ ತಳದಲ್ಲಿ ಗಂಟು ಹಾಕಿದ ಹಸಿರು ಎಲೆ. ಏನದು? ಮನೆಯಲ್ಲಿ ಎರಡು ಸಲ ಮಾಡಿದೆ. ಒಮ್ಮೆ ಬೇಳೆ ಬೇಯಲಿಲ್ಲ, ಇನ್ನೊಮ್ಮೆ ಕಾಯಿಹಾಲು ಒಡೆಯಿತು.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನೀವು ಉಂಡದ್ದು ಮಣಗಣೆ. ಮಂಗಳೂರು ಕಡೆಯ ಕೊಂಕಣಿ ಮನೆಗಳಲ್ಲಿ ಮಡಗಣೆ ಅನ್ನುತ್ತಾರೆ, ಅಲ್ಲಿ ಸಾಬೂದಾಣಿ ಬದಲು ಅಕ್ಕಿಹಿಟ್ಟು ಹಾಕಿ ಮಂದ ಮಾಡುವುದು ಜಾಸ್ತಿ. ಎಲೆ ಅರಿಶಿನದ್ದು. ಯಾಂತ್ರಿಕ ದೋಣಿಗಳ 61 ದಿನದ ನಿಷೇಧ ಜುಲೈ 31ಕ್ಕೆ ಮುಗಿಯಿತಲ್ಲ, ಮೀನು ಸಿಕ್ಕೇ ಸಿಗುತ್ತದೆ ಅಂತ ನೀವು ಹೊರಟಿರಬೇಕು. ಮೀನು ಬಂದರಿಗೆ ಬಂದಿರುತ್ತದೆ ನಿಜ. ಆದರೆ ಶ್ರಾವಣದಲ್ಲಿ ಅಲ್ಲಿನ ಎಷ್ಟೋ ಮನೆಗಳ ಅಡುಗೆ ಒಲೆಗೆ ಬರುವುದಿಲ್ಲ.

ನಾನು ಶಿರಸಿಯವಳು. ನಮ್ಮಲ್ಲಿ ಅರಿಶಿನ ಎಲೆ ಅಂದರೆ ಕಡುಬು ಬೇಯಿಸಲಿಕ್ಕೆ ಅಷ್ಟೇ. ಮಣಗಣೆ ಮೊದಲು ತಿಂದದ್ದು ಕಾರವಾರದಲ್ಲೇ, ಅದೂ ಇಂಥದೇ ಶ್ರಾವಣದಲ್ಲಿ. ಒಂದು ಕಚೇರಿಯಲ್ಲಿ ಒಂದೇ ಒಂದು ಸಹಿಗೆ ಮಧ್ಯಾಹ್ನ ಎರಡೂವರೆ ತನಕ ಕೂರಿಸಿದ್ದರು. ಹೊರಗೆ ಜಡಿಮಳೆ. ಎದುರಿಗೆ ಕಂಡದ್ದು ತಗಡಿನ ಮಾಡು, ನಾಲ್ಕು ಮೇಜಿನ ಖಾನಾವಳಿ. ‘ಮೀನಿನ ಖಾನಾವಳೀಲಿ ನಮಗೇನು ಸಿಗ್ತು, ತಿಳಿಸಾರು, ಹಪ್ಪಳ’ ಅಂತ ಜೊತೆಗಿದ್ದ ಭಾವ ಗೊಣಗಿದರು. ಬಂದದ್ದು ಕುಚ್ಚಲಕ್ಕಿ ಅನ್ನ, ದಾಳಿತೋವೆ, ಹಲವು ತರಕಾರಿ ಹಾಕಿದ ಖತಖತೆ, ಮುರುಗಲು (ಕೋಕಂ) ಮತ್ತು ಕಾಯಿಹಾಲಿನ ಸೋಲಕಡಿ. ಭಾವ ಮಾತು ನಿಲ್ಲಿಸಿದರು. ಖತಖತೆಯಲ್ಲಿದ್ದ ತಿರಫಳ ಎಂಬ ಮಸಾಲೆ ಕಾಯಿಯನ್ನು ಕಾಳುಮೆಣಸು ಅಂದುಕೊಂಡು ಅಗಿದುಬಿಟ್ಟಿದ್ದರು, ನಾಲಿಗೆ ಜುಮ್ಮೆಂದು ಮರಗಟ್ಟಿತ್ತು. ಬಡಿಸುತ್ತಿದ್ದಾಕೆ ನಕ್ಕು, ‘ಅದು ಅಗಿಯೂದಲ್ಲ, ಬದಿಗಿಡೂದು’ ಅಂದರು. ಆ ನಾಲಿಗೆಗೆ ಮದ್ದಾಗಿ ಬಂದದ್ದೇ ಬೆಚ್ಚನೆಯ ಮಣಗಣೆ. ಭಾವ ಮೂರು ಸಲ ಹಾಕಿಸಿಕೊಂಡರು. ಊಟದ ದುಡ್ಡಿನಲ್ಲೇ, ಅಲ್ವಾ ಮತ್ತೆ!

ನಾನು ಸೀದಾ ಒಳಗೆ ಹೋಗಿ ಕೇಳಿದೆ. ಆಕೆ ಹಿತ್ತಲಿಂದ ಎಲೆ ಕೊಯ್ದು ತಂದು, ನಡುವಿನ ದಂಟು ತೆಗೆದು, ಉದ್ದಕ್ಕೆ ಸೀಳಿ, ಹುಡುಗಿಯರ ಜಡೆಯ ಟೇಪಿನ ಹಾಗೆ ಗಂಟು ಹಾಕಿ ತೋರಿಸಿದರು. ಬಿಡಿ ಚೂರು ಹಾಕಿದರೆ ಬಾಯಿಗೆ ನಾರು ಸಿಗುತ್ತದೆ. ಗಂಟಾದರೆ ಎತ್ತಿ ಹಾಕಬಹುದು. ನಿಮ್ಮ ಬಟ್ಟಲಿನದನ್ನು ಎತ್ತಲು ಮರೆತಿದ್ದಾರೆ.

ಈಗ ನಿಮ್ಮ ತಪ್ಪಿಗೆ ಬರೋಣ. ಬೇಳೆಗೆ ಬೆಲ್ಲ ಬೇಗ ಹಾಕಿದ್ದೀರಿ. ಬೆಲ್ಲದ ಸಿಹಿ, ಸುಣ್ಣದಂಶ ಎರಡೂ ಬೇಳೆಯನ್ನು ಗಟ್ಟಿ ಹಿಡಿಯುತ್ತವೆ, ಆಮೇಲೆ ಗಂಟೆಗಟ್ಟಲೆ ಕುದಿಸಿದರೂ ಅದು ಮೆತ್ತಗಾಗುವುದಿಲ್ಲ. ಒಂದು ಲೋಟ ಬೇಳೆಯನ್ನು ನೆನೆಸಿ, ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು, ಆದರೆ ಕರಗದಂತೆ ಬೇಯಿಸಿ. ಕುಕ್ಕರ್ ಬೇಡ, ನನ್ನದು ಎರಡು ಸಲ ಗಂಜಿಯಾಗಿದೆ. ನೆನೆಸಿದ ಸಾಬೂದಾಣಿ ಕಾಲು ಲೋಟ, ಗೋಡಂಬಿ, ಎಲೆಯ ಗಂಟು ಹಾಕಿ ತೆಂಗಿನಕಾಯಿಯ ಎರಡನೇ ಹಾಲಿನಲ್ಲಿ ಸಣ್ಣ ಉರಿಯಲ್ಲಿಡಿ. ಸಾಬೂದಾಣಿ ಕನ್ನಡಿಯಂತಾದ ಮೇಲೆ ಬೆಲ್ಲ, ಚಿಟಿಕೆ ಉಪ್ಪು. ಮೊದಲ ದಪ್ಪ ಹಾಲು ಕೊನೆಗೆ, ಒಲೆ ಆರಿಸಿದ ಮೇಲೆ. ಅದು ಕುದಿದರೆ ಎಣ್ಣೆ ಬೇರೆ, ನೀರು ಬೇರೆ. ಆಮೇಲೆ ಏಲಕ್ಕಿ. ನಾನು ಬೆಲ್ಲದ ಬದಲು ನಮ್ಮ ಕಡೆಯ ಜೋನಿಬೆಲ್ಲ ಹಾಕುತ್ತೇನೆ. ಕಾರವಾರದ ಆಕೆ ಒಪ್ಪಲಿಕ್ಕಿಲ್ಲ.

ಎಲೆ ಸಿಗದಿದ್ದರೆ ಮೇ ಕೊನೆಗೆ ಒಂದು ಹಸಿ ಅರಿಶಿನ ಕೊಂಬನ್ನು ಕುಂಡದಲ್ಲಿ ಹೂಳಿ. ಶ್ರಾವಣಕ್ಕೆ ಎಲೆ ಬಂದಿರುತ್ತದೆ.

ಪ್ರಶ್ನೆ: ನಾನು ಮಾಡುವ ಸೋಲಕಡಿ ಗುಲಾಬಿ ಬಣ್ಣಕ್ಕೆ ಬರುವುದೇ ಇಲ್ಲ, ಕಂದಾಗುತ್ತದೆ. ಯಾಕೆ?
– ಗದಗದಿಂದ ಒಬ್ಬರು

ಉತ್ತರ: ಮುರುಗಲು ಸಿಪ್ಪೆ ಹಳೆಯದಿರಬೇಕು, ಇಲ್ಲಾ ಕುದಿಸಿದ್ದೀರಿ. ಈ ಬೇಸಿಗೆಯಲ್ಲಿ ಒಣಗಿಸಿದ ಸಿಪ್ಪೆ ತಂದು, ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ. ಕಾಯಿಹಾಲು ಆಮೇಲೆ.